ಮೋರಿಸ್ ಮೈನರ್ 1965: ಬ್ರೇಕ್ ತುಳಿದರೆ ಟೈಲ್ ಲೈಟ್ ಆರುತ್ತದೆ, ಡಿಪ್‌ನಲ್ಲಿದ್ದರೂ ಹೈ ಬೀಮ್ ಸೂಚಕ ಮಿಣುಕುತ್ತದೆ

ಮೈನರ್65 ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1965ರ ಮೋರಿಸ್ ಮೈನರ್ 1000 ಕಾರು ಇದೆ. ಎಂಜಿನ್, ಬ್ರೇಕ್, ಕಾರ್ಬ್ಯುರೇಟರ್ ಕೆಲಸಗಳನ್ನು ಹಲವು ವರ್ಷಗಳಿಂದ ನಾನೇ ಮಾಡಿಕೊಂಡು ಬಂದಿದ್ದೇನೆ. ವೈರಿಂಗ್ ಎಂದರೆ ಮಾತ್ರ ಕೈ ಹಿಂಜರಿಯುತ್ತದೆ. ಗಾಡಿಯಲ್ಲಿ ಮೊದಲಿನಿಂದ ಇದ್ದಂತೆಯೇ 12 ವೋಲ್ಟ್ ಬ್ಯಾಟರಿ ಮತ್ತು ಡೈನಮೊ ಇವೆ, ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಜೋಡಿಸಲಾಗಿದೆ. ಎಂಟು ತಿಂಗಳ ಹಿಂದೆ ಪೂರ್ತಿ ಬಣ್ಣ ಹೊಡೆಸಿದೆ. ಆಗ ಮುಂದಿನ ಹಿಂದಿನ ದೀಪಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಿದ್ದರು. ತೊಂದರೆಗಳು ಕಾಣಿಸಿಕೊಂಡದ್ದು ಆ ಬಳಿಕವೇ.

ಡಿಪ್‌ಗೆ (ತಗ್ಗಿಸಿದ ಬೆಳಕಿಗೆ) ಹಾಕಿದಾಗ ಬಲಗಡೆಯ ಹೆಡ್‌ಲೈಟ್ ಒಂದು ಮಟ್ಟಿಗೆ ಉರಿಯುತ್ತದೆ, ಎಡಗಡೆಯದು ಎಣ್ಣೆ ತೀರಿದ ಹಣತೆಯ ಹಾಗೆ ಕೆಂಪಗೆ ಕಾಣುತ್ತದೆ. ಅದೇ ಹೊತ್ತಿಗೆ ಸ್ಪೀಡೋಮೀಟರಿನ ಒಳಗಿರುವ, ಹೈ ಬೀಮ್ ಹಾಕಿದಾಗ ಮಾತ್ರ ಹೊತ್ತಿಕೊಳ್ಳಬೇಕಾದ ಸೂಚಕ ದೀಪ ತೆಳುವಾಗಿ ಮಿಣುಕುತ್ತದೆ. ಹಿಂದುಗಡೆ ಇನ್ನೂ ವಿಚಿತ್ರ. ಟೈಲ್ ಲೈಟ್ ಹಾಕಿದರೆ ಎರಡೂ ಬದಿ ಸರಿಯಾಗಿಯೇ ಉರಿಯುತ್ತವೆ. ಬ್ರೇಕ್ ತುಳಿದ ಕೂಡಲೇ ಎಡಗಡೆ ಬ್ರೇಕ್ ಲೈಟ್ ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ಬಲಗಡೆ ಮಾತ್ರ ಇದ್ದ ಟೈಲ್ ಲೈಟ್ ಕೂಡ ಹೆಚ್ಚುಕಡಿಮೆ ಆರಿಹೋಗುತ್ತದೆ. ಗೆಳೆಯರೊಬ್ಬರನ್ನು ಕಾರಿನ ಮುಂದೆ ನಿಲ್ಲಿಸಿ ನೋಡಿದಾಗ, ನಾನು ಬ್ರೇಕ್ ತುಳಿದಾಗಲೆಲ್ಲ ಮುಂದಿನ ಬಲ ಇಂಡಿಕೇಟರ್ ಸಣ್ಣಗೆ ಬೆಳಗುತ್ತದೆ ಎಂದರು. ನಂಬಲಾಗದೆ ಮೂರು ಸಲ ಪರೀಕ್ಷಿಸಿದೆವು, ನಿಜವೇ. ಇದೆಲ್ಲದರ ಮೇಲೆ, ಒಟ್ಟಾರೆ ಹೆಡ್‌ಲೈಟ್‌ಗಳ ಬೆಳಕೇ ಮಂಕಾಗಿದ್ದು, ಗಾಡಿ ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಇನ್ನೂ ಮಂಕಾಗುತ್ತದೆ.

ಈವರೆಗೆ ಬಲ್ಬ್‌ಗಳನ್ನು ಎರಡು ಬಾರಿ ಬದಲಿಸಿದ್ದೇನೆ. 60/45 ವ್ಯಾಟಿನ ಸೀಲ್ಡ್ ಬೀಮ್‌ಗಳನ್ನು (ಫಿಲಮೆಂಟ್, ಪ್ರತಿಫಲಕ, ಗಾಜು ಒಂದೇ ಮುಚ್ಚಿದ ತುಂಡಾಗಿರುವ ಹೆಡ್‌ಲೈಟ್) ಎಡದಿಂದ ಬಲಕ್ಕೆ ಅದಲುಬದಲು ಮಾಡಿದರೂ ದೋಷ ಎಡಗಡೆಯೇ ಉಳಿಯಿತು. ಲೈಟ್ ಸ್ವಿಚ್ಚನ್ನೂ ಹೊಸದು ಹಾಕಿದೆ. ದೀಪದ ಸಾಕೆಟ್ಟನ್ನು ಕಳಚಿ ಡಿಪ್ ತಂತಿಗೂ ಬಾಡಿಗೂ ಮಲ್ಟಿಮೀಟರ್ ಹಿಡಿದರೆ ಎರಡೂ ಬದಿ 12.3 ವೋಲ್ಟ್ ತೋರಿಸುತ್ತದೆ, ಅಂದರೆ ಕರೆಂಟು ಬರುತ್ತಿದೆ. ಮೆಕ್ಯಾನಿಕ್ ಒಬ್ಬರು ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಬೇಕು ಎನ್ನುತ್ತಾರೆ. ಎಲ್‌ಇಡಿ ಹಾಕಿಬಿಡಿ ಎನ್ನುವವರೂ ಇದ್ದಾರೆ. ಆರೋಗ್ಯವಾಗಿರುವ ಹಳೆಯ ವೈರಿಂಗನ್ನು ಕೀಳಲು ನನಗೆ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ, ದಯವಿಟ್ಟು ತಿಳಿಸಿ.

ತಾಮ್ರತಂತಿ ಅವರ ಉತ್ತರ:

ನಮಸ್ಕಾರ. ನೀವು ಗಮನಿಸಿದ್ದನ್ನು ಇಷ್ಟು ಒಪ್ಪವಾಗಿ ಬರೆದಿರುವುದರಿಂದ ಅರ್ಧ ಕೆಲಸ ಆದಂತೆಯೇ. ವೈರಿಂಗ್ ಕೀಳುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ ವಿಚಿತ್ರಗಳಲ್ಲಿ ಮಂಕು ಬೆಳಕೊಂದನ್ನು ಬಿಟ್ಟರೆ ಉಳಿದೆಲ್ಲವೂ ಎರಡೇ ಜಾಗಕ್ಕೆ ಬೊಟ್ಟು ಮಾಡುತ್ತವೆ: ಎಡ ಹೆಡ್‌ಲೈಟಿನ ಅರ್ಥಿಂಗ್ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಮತ್ತು ಬಲ ಹಿಂದೀಪದ ಅರ್ಥಿಂಗ್.

ದೀಪಕ್ಕೆ ಕರೆಂಟು ಬರುವ ದಾರಿಯನ್ನು ನಾವು ಹತ್ತು ಸಲ ನೋಡುತ್ತೇವೆ, ಅದು ಬ್ಯಾಟರಿಗೆ ಮರಳುವ ದಾರಿಯನ್ನು ನೋಡುವುದೇ ಇಲ್ಲ. ನಿಮ್ಮ ಹಿಂದೀಪದಲ್ಲಿ ಟೈಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್, ಒಳಗೆ ಎರಡು ಫಿಲಮೆಂಟ್. ಟೈಲಿನದು 5 ವ್ಯಾಟ್, ಬ್ರೇಕಿನದು 21 ವ್ಯಾಟ್. ಪಕ್ಕದಲ್ಲಿ ಇಂಡಿಕೇಟರಿನ ಇನ್ನೊಂದು 21 ವ್ಯಾಟ್ ಬಲ್ಬ್. ಈ ಮೂರೂ ಫಿಲಮೆಂಟ್‌ಗಳ ಮರಳುವ ದಾರಿ ಒಂದೇ, ದೀಪದ ತಳದ ಲೋಹದ ತಟ್ಟೆ. ಆ ತಟ್ಟೆ ಬಾಡಿಯನ್ನು ಮುಟ್ಟಿರುವುದು ಅದನ್ನು ಹಿಡಿದಿರುವ ಸ್ಕ್ರೂಗಳ ಮೂಲಕ. ಬಣ್ಣ ಹೊಡೆಯುವಾಗ ಸ್ಕ್ರೂ ಕೂರುವ ಜಾಗದ ಮೇಲೂ ಪ್ರೈಮರ್, ಬಣ್ಣ ಎಲ್ಲ ಕೂತಿರುತ್ತದೆ. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮರಳುವ ನೇರ ದಾರಿ ಮುಚ್ಚಿದಾಗ ಕರೆಂಟು ಸಿಕ್ಕ ಸಂದಿಯಲ್ಲಿ, ಅಂದರೆ ಆ ಹೊತ್ತಿಗೆ ಉರಿಯದೆ ಸುಮ್ಮನಿರುವ ಬೇರೆ ಫಿಲಮೆಂಟ್‌ಗಳ ಮೂಲಕ ಹಾದುಹೋಗುತ್ತದೆ.

ಟೈಲ್ ಲೈಟ್ ಮಾತ್ರ ಹಾಕಿದಾಗ ನಿಮಗೆ ದೋಷ ಕಾಣದಿರುವುದಕ್ಕೂ ಇದೇ ಕಾರಣ. ಟೈಲಿನ ಸಣ್ಣ ಫಿಲಮೆಂಟನ್ನು ದಾಟಿದ ಕರೆಂಟು ಬ್ರೇಕ್ ಫಿಲಮೆಂಟಿಗೆ ನುಗ್ಗಿ, ಬ್ರೇಕ್ ತಂತಿಯ ಗುಂಟ ಎಡಗಡೆಯ ಬ್ರೇಕ್ ಬಲ್ಬಿಗೆ ಹೋಗಿ, ಅಲ್ಲಿಯ ಒಳ್ಳೆಯ ಅರ್ಥಿಂಗ್ ಮೂಲಕ ಬಾಡಿ ಸೇರುತ್ತದೆ. ತಣ್ಣಗಿರುವ ಟಂಗ್‌ಸ್ಟನ್ ಫಿಲಮೆಂಟಿನ ರೋಧ, ಅದು ಪೂರ್ತಿ ಉರಿಯುವಾಗ ಇರುವುದರ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಹಾಗಾಗಿ ಆ ಅಡ್ಡದಾರಿ ಟೈಲ್ ಲೈಟಿಗೆ ದೊಡ್ಡ ತಡೆಯಾಗುವುದಿಲ್ಲ. ಅದು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ, ನಾವು ಎಲ್ಲ ಸರಿ ಇದೆ ಎಂದುಕೊಳ್ಳುತ್ತೇವೆ. ಬ್ರೇಕ್ ತುಳಿದೊಡನೆ ಬ್ರೇಕ್ ತಂತಿಗೇ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬರುವುದರಿಂದ ಆ ಅಡ್ಡದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಇಂಡಿಕೇಟರ್ ಒಂದೇ. ಹಿಂದಿನ ಇಂಡಿಕೇಟರ್ ಬಲ್ಬನ್ನು ಹೊಕ್ಕು, ಅದರ ತಂತಿಯಲ್ಲಿ ಮುಂದಕ್ಕೆ ಸಾಗಿ, ಮುಂದಿನ ಬಲ ಇಂಡಿಕೇಟರ್ ಬಲ್ಬನ್ನು ದಾಟಿ ಬಾಡಿಗೆ ಹೋಗಬೇಕು. ನಿಮ್ಮ ಗೆಳೆಯರು ಕಂಡ ಸಣ್ಣ ಬೆಳಕು ಅದೇ. ಮೂರು 21 ವ್ಯಾಟ್ ಫಿಲಮೆಂಟ್‌ಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತು 12 ವೋಲ್ಟನ್ನು ಹಂಚಿಕೊಂಡರೆ ಒಂದಕ್ಕೂ ಸರಿಯಾಗಿ ಉರಿಯಲು ಸಾಲುವುದಿಲ್ಲ, ಟೈಲ್ ಫಿಲಮೆಂಟಿಗಂತೂ ಮೂರನೆಯ ಒಂದು ಪಾಲು ವೋಲ್ಟೇಜ್ ಉಳಿದರೆ ಹೆಚ್ಚು.

ಇನ್ನು ಎಡ ಹೆಡ್‌ಲೈಟ್. ಅದರ ಅರ್ಥಿಂಗ್ ತಪ್ಪಿರುವುದರಿಂದ ಡಿಪ್ ಫಿಲಮೆಂಟನ್ನು ದಾಟಿದ ಕರೆಂಟು ಅದೇ ದೀಪದ ಹೈ ಬೀಮ್ ಫಿಲಮೆಂಟಿನೊಳಗೆ ಹಿಂದುಮುಂದಾಗಿ ನುಗ್ಗಿ, ಹೈ ಬೀಮ್ ತಂತಿಯನ್ನು ಹಿಡಿದು ಬಲಗಡೆಯ ಹೈ ಬೀಮ್ ಫಿಲಮೆಂಟಿನ ಮೂಲಕ ಬಾಡಿಗೆ ಇಳಿಯುತ್ತಿದೆ. ಸೂಚಕ ದೀಪ ಅದೇ ತಂತಿಯ ಮೇಲೆ ಇರುವುದರಿಂದ ಅದೂ ಮಿಣುಕುತ್ತದೆ. ಡಿಪ್‌ನಲ್ಲಿ ಆ ಸೂಚಕ ಮಿಣುಕಿದರೆ ಹೆಡ್‌ಲೈಟ್ ಒಂದರ ಅರ್ಥಿಂಗ್ ನೋಡಬೇಕು ಎಂದೇ ಎಣಿಸಿಕೊಳ್ಳಿ.

ಪ್ಲಸ್ ತುದಿ ಬಾಡಿಗೆ ಇರುವ ನಿಮ್ಮ ಗಾಡಿಯಲ್ಲಿ ಕರೆಂಟಿನ ದಿಕ್ಕು ನಾನು ಹೇಳಿದ್ದಕ್ಕೆ ತಿರುಗುಮುರುಗು. ಫಿಲಮೆಂಟಿಗೆ ದಿಕ್ಕಿನ ಹಂಗಿಲ್ಲವಾದ್ದರಿಂದ ಫಲದಲ್ಲಿ ವ್ಯತ್ಯಾಸವಾಗದು.

ಪರೀಕ್ಷೆ ಎರಡು ನಿಮಿಷದ್ದು. ಎರಡೂ ತುದಿಗೆ ಕ್ಲಿಪ್ ಇರುವ ಒಂದು ಉದ್ದನೆಯ ತಂತಿ ತೆಗೆದುಕೊಳ್ಳಿ. ಒಂದು ಕ್ಲಿಪ್ಪನ್ನು ಬ್ಯಾಟರಿಯ ಅರ್ಥಿಂಗ್ ತುದಿಗೆ, ನಿಮ್ಮ ಗಾಡಿಯಲ್ಲಿ ಅದು ಪ್ಲಸ್ ತುದಿ, ಕಚ್ಚಿಸಿ, ಇನ್ನೊಂದನ್ನು ಬಲ ಹಿಂದೀಪದ ಲೋಹದ ತಟ್ಟೆಗೆ ಮುಟ್ಟಿಸಿ. ಹೆಡ್‌ಲೈಟಿನಲ್ಲಾದರೆ ಕಪ್ಪು ತಂತಿ ಸೇರುವ ಕಾಲಿಗೆ (ಲೋಹದ ಪಿನ್ನಿಗೆ) ಮುಟ್ಟಿಸಿ. ಮುಟ್ಟಿಸಿದಾಕ್ಷಣ ದೀಪಗಳು ಸರಿಹೋದರೆ ಬೇರೆ ಪುರಾವೆ ಬೇಡ. ಇಗ್ನಿಷನ್ ಆನ್ ಇಟ್ಟಿರಬೇಕು ಎಂಬುದು ನೆನಪಿರಲಿ, ನಿಮ್ಮ ಬ್ರೇಕ್ ಲೈಟ್ ಮತ್ತು ಇಂಡಿಕೇಟರ್‌ಗಳಿಗೆ ಕರೆಂಟು ಬರುವುದು ಹಸಿರು ತಂತಿಗಳ ಫ್ಯೂಸ್ ಮೂಲಕ, ಅದು ಇಗ್ನಿಷನ್ ಹಿಂದೆ ಇದೆ.

ದುರಸ್ತಿಗೆ ಇಳಿಯುವಾಗ ಬ್ಯಾಟರಿ ಕೇಬಲ್ ಬಿಚ್ಚಿಡಿ. ಸ್ಕ್ರೂ ಕೂರುವ ಜಾಗದಲ್ಲಿ ವಾಷರಿನ ಅಗಲದಷ್ಟು ಮಾತ್ರ ಬಣ್ಣ ಕೆರೆದು ಬರಿಯ ಉಕ್ಕು ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ, ಬಿಗಿಯಾದ ಮೇಲೆ ತುಕ್ಕು ಹಿಡಿಯದಂತೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಬಲ್ಬ್ ಹೋಲ್ಡರನ್ನೂ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹಿತ್ತಾಳೆಯ ಬಟ್ಟಲು ಕೆಳಗಿನ ತಟ್ಟೆಗೆ ರಿವೆಟ್ ಆದ ಕಡೆ ಬಿಳಿಯ ಪುಡಿಯೋ ಹಸಿರು ಕಿಲುಬೋ ಕೂತಿದ್ದರೆ, ಬಟ್ಟಲನ್ನು ಬೆರಳಿನಿಂದ ಅಲ್ಲಾಡಿಸಿದಾಗ ಸಣ್ಣಗೆ ಜರುಗುತ್ತದೆ. ಅಂಥ ಕಡೆ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಬಟ್ಟಲಿಗೇ ಒಂದು ತಂತಿ ಬೆಸುಗೆ ಹಾಕಿ ಅದನ್ನು ಬಾಡಿಗೆ ಒಯ್ಯಬೇಕು. ನಾನು ನನ್ನ ಗಾಡಿಯಲ್ಲಿ ನಾಲ್ಕೂ ಮೂಲೆಗಳ ದೀಪಗಳಿಗೆ ಹೀಗೆ ಪ್ರತ್ಯೇಕ ಕಪ್ಪು ತಂತಿ ಎಳೆದಿದ್ದೇನೆ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ.

ಅಳತೆಗೋಲು ಅವರ ಉತ್ತರ:

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಉಳಿದದ್ದು ಒಟ್ಟಾರೆ ಮಂಕು ಬೆಳಕಿನ ವಿಷಯ, ಮತ್ತು ನಿಮ್ಮನ್ನು ದಾರಿ ತಪ್ಪಿಸಿದ ಆ 12.3 ವೋಲ್ಟಿನ ವಿಷಯ.

ಸಾಕೆಟ್ ಕಳಚಿ ಮೀಟರ್ ಹಿಡಿದಾಗ ಆ ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇರಲಿಲ್ಲ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೋಧ ಸುಮಾರು 10 ಮೆಗಾ ಓಮ್, ಅಂದರೆ ಅದು ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ತಂತಿಯ ಎಲ್ಲ ಎಳೆಗಳೂ ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಕನೆಕ್ಟರ್ ಕಿಲುಬಿನಿಂದ ಮುಚ್ಚಿಹೋಗಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ. ಅದೇ ಜಾಗದಲ್ಲಿ ಹೆಡ್‌ಲೈಟಿನ 10 ಆಂಪಿಯರ್ ಹರಿಯಲಿ, ಬರೀ 0.2 ಓಮ್ ರೋಧವಿದ್ದರೂ 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ತಂತಿ ತುಂಡಾಗಿಲ್ಲವೆಂದು ಮೀಟರ್ ಕೊಡುವ ಕಂಟಿನ್ಯುಟಿ ಬೀಪ್ ಮೇಲೂ ಇದೇ ಕಾರಣಕ್ಕೆ ಭರವಸೆ ಇಡಬಾರದು. ದೀಪ ಉರಿಯುತ್ತಿರುವಾಗಲೇ, ಜೋಡಣೆ ಬಿಚ್ಚದೆ ಅಳೆದ ವೋಲ್ಟೇಜ್ ಮಾತ್ರ ನಿಜ ಹೇಳುತ್ತದೆ. ಸಾಕೆಟ್ ಬಿಚ್ಚಲೇಬೇಕಾದ ಕಡೆ, ಹೋಲ್ಡರಿಗೆ ಎರಡು ತಂತಿ ಬೆಸೆದ ಒಂದು 21 ವ್ಯಾಟ್ ಬಲ್ಬನ್ನು ಟೆಸ್ಟ್ ಲ್ಯಾಂಪ್ ಆಗಿ ಬಳಸಿ. ಅದು ಸುಮಾರು 1.75 ಆಂಪಿಯರ್ ಎಳೆಯುವುದರಿಂದ ಸೊರಗಿದ ಜೋಡಣೆಯ ಬಣ್ಣ ಬಯಲಾಗುತ್ತದೆ.

ವೋಲ್ಟೇಜ್ ಸ್ವಲ್ಪ ಕುಸಿದರೂ ಬೆಳಕು ಬಹಳ ಕುಸಿಯುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಫಿಲಮೆಂಟ್ ಬಲ್ಬಿನ ಬೆಳಕು ಸ್ಥೂಲವಾಗಿ ವೋಲ್ಟೇಜಿನ 3.4ನೆಯ ಘಾತದಷ್ಟು ಏರಿಳಿಯುತ್ತದೆ. ವೋಲ್ಟೇಜ್ ಶೇಕಡಾ 5 ಕಡಿಮೆಯಾದರೆ ಬೆಳಕು ಶೇಕಡಾ 16ರಷ್ಟು ಕಡಿಮೆ; ಶೇಕಡಾ 10 ಕಡಿಮೆಯಾದರೆ ಬೆಳಕಿನಲ್ಲಿ ಶೇಕಡಾ 30 ಖೋತಾ.

ಮೊದಲು ಎಡ ಹೆಡ್‌ಲೈಟಿನ ಅರ್ಥಿಂಗ್ ಸರಿಮಾಡಿಕೊಂಡು, ಆಮೇಲೆ ಈ ಅಳತೆಗೆ ಕೂರಿ. ಎಂಜಿನ್ ನಿಲ್ಲಿಸಿ, ಹೈ ಬೀಮ್ ಹಾಕಿ. ಎರಡು 60 ವ್ಯಾಟ್ ಸೇರಿ 10 ಆಂಪಿಯರ್ ಹರಿಯುವುದರಿಂದ ದೋಷ ದೊಡ್ಡದಾಗಿ ಕಾಣುತ್ತದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಬ್ಯಾಟರಿಯ ಎರಡು ತುದಿಗಳ ನಡುವೆ ಎಷ್ಟಿದೆ, ದೀಪದ ಕಾಲುಗಳ ನಡುವೆ ಎಷ್ಟಿದೆ ಬರೆದುಕೊಳ್ಳಿ. ವ್ಯತ್ಯಾಸವೇ ನಿಮ್ಮ ಒಟ್ಟು ನಷ್ಟ. ಆಮೇಲೆ ಅದನ್ನು ಹಂಚಿ. ಬ್ಯಾಟರಿಯ ಅರ್ಥಿಂಗ್ ತುದಿಯಿಂದ ದೀಪದ ಕಪ್ಪು ತಂತಿಯವರೆಗೆ 0.2 ವೋಲ್ಟಿಗಿಂತ ಹೆಚ್ಚಿರಕೂಡದು. ಇನ್ನೊಂದು ಬದಿಯನ್ನು ತುಂಡುತುಂಡಾಗಿ ಅಳೆಯಿರಿ: ಬ್ಯಾಟರಿಯಿಂದ ಲೈಟ್ ಸ್ವಿಚ್ಚಿನ ಕಂದು ತಂತಿಯವರೆಗೆ, ಸ್ವಿಚ್ಚಿನ ಒಳಬರುವ ಕಾಲಿನಿಂದ ನೀಲಿ ತಂತಿಯ ಕಾಲಿಗೆ, ಪಾದದಿಂದ ಒತ್ತಿ ಹೈ ಬೀಮ್ ಮತ್ತು ಡಿಪ್ ಬದಲಿಸುವ ಡಿಪ್ಪರ್ ಸ್ವಿಚ್ಚಿನಲ್ಲಿ ಆ ನೀಲಿಯಿಂದ ನೀಲಿ-ಬಿಳಿ ತಂತಿಗೆ, ಅಲ್ಲಿಂದ ದೀಪದವರೆಗೆ. ಡಿಪ್‌ನ ತಂತಿ ನೀಲಿ-ಕೆಂಪು. ಟೈಲ್ ಲೈಟಿನದು ಬರೀ ಕೆಂಪು, ಬ್ರೇಕಿನದು ಹಸಿರು-ನೇರಳೆ, ಬಲ ಇಂಡಿಕೇಟರಿನದು ಹಸಿರು-ಬಿಳಿ, ಎಡದ್ದು ಹಸಿರು-ಕೆಂಪು. ಬಣ್ಣ ಮಾಸಿದ್ದರೆ ಕನೆಕ್ಟರಿನ ರಬ್ಬರ್ ತೋಳಿನೊಳಗೆ ಅಡಗಿರುವ ತುದಿಯನ್ನು ಒರೆಸಿ ನೋಡಿ, ಬಿಸಿಲು ಧೂಳು ತಾಗದ ಆ ತುದಿಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ.

ನನ್ನ ಅನುಭವದಲ್ಲಿ ಮೊದಲ ಅನುಮಾನ ಡಿಪ್ಪರ್ ಸ್ವಿಚ್ಚಿನ ಮೇಲೆ. ಚಾಲಕನ ಎಡಗಾಲಿನ ಬುಡದಲ್ಲಿ ಕೂತು ದಶಕಗಟ್ಟಲೆ ಶೂವಿನ ಕೆಸರು, ಮಳೆನೀರು ಎಲ್ಲವನ್ನೂ ಕುಡಿದಿರುತ್ತದೆ. ಹೆಡ್‌ಲೈಟಿನ ಪೂರ್ತಿ ಕರೆಂಟು ಹಾದುಹೋಗುವುದೂ ಅದರ ಮೂಲಕವೇ. ಎರಡನೆಯದು ಬುಲೆಟ್ ಕನೆಕ್ಟರ್‌ಗಳು. ಗುಂಡಿನಾಕಾರದ ಹಿತ್ತಾಳೆ ತುದಿ ಚೆನ್ನಾಗಿಯೇ ಇದ್ದು, ಅದನ್ನು ಹಿಡಿದಿರುವ ಲೋಹದ ಕೊಳವೆ ರಬ್ಬರ್ ತೋಳಿನ ಒಳಗೆ ಕರಗಿಹೋಗಿರುತ್ತದೆ. ಕೊಳವೆಗಳನ್ನು ಉಜ್ಜುತ್ತ ಕೂರುವುದಕ್ಕಿಂತ ಹೊಸದು ಹಾಕುವುದು ಮೇಲು. ಹಿತ್ತಾಳೆ ತುದಿಯನ್ನು ನಯವಾದ ಉಪ್ಪುಕಾಗದದಿಂದ ಒಂದು ಸುತ್ತು ತಿರುವಿದರೆ ಸಾಕು.

ದೀಪಧಾರಿ ಅವರ ಉತ್ತರ:

ಎಲ್‌ಇಡಿ ಮತ್ತು ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಎರಡರ ಬಗ್ಗೆ ಯಾರಾದರೂ ಹೇಳಲೇಬೇಕಾದ್ದರಿಂದ ಬರೆಯುತ್ತಿದ್ದೇನೆ.

ಎಲ್‌ಇಡಿ ಬಲ್ಬಿಗೆ ಪ್ಲಸ್ ಮೈನಸ್ ಭೇದವಿದೆ. ಪ್ಲಸ್ ಬಾಡಿಗೆ ಇರುವ ಗಾಡಿಯಲ್ಲಿ ಸಾಮಾನ್ಯ ಎಲ್‌ಇಡಿ ಬಲ್ಬ್ ಉರಿಯುವುದೇ ಇಲ್ಲ. ಎರಡೂ ದಿಕ್ಕಿಗೆ ಹೊಂದುವಂಥದ್ದು ಅಥವಾ ನಿಮ್ಮ ಜೋಡಣೆಗೆಂದೇ ಮಾಡಿದ್ದು ಬೇಕು. ಇಂಡಿಕೇಟರನ್ನು ಮಿಣುಕಿಸುವ ಹಳೆಯ ಫ್ಲಾಶರ್ ಬಿಸಿತಂತಿಯ ಮೇಲೆ ಕೆಲಸ ಮಾಡುವುದರಿಂದ ಅದಕ್ಕೆ ಎರಡು 21 ವ್ಯಾಟ್ ಬಲ್ಬ್‌ಗಳ ಭಾರ ಇದ್ದೇ ತೀರಬೇಕು, ಎಲ್‌ಇಡಿ ಹಾಕಿದರೆ ಅದರ ಲಯ ತಪ್ಪುತ್ತದೆ ಅಥವಾ ನಿಂತೇಬಿಡುತ್ತದೆ. ಹೆಡ್‌ಲೈಟಿನ ಮಾತೇ ಬೇರೆ. ಆ ಪ್ರತಿಫಲಕವನ್ನೂ ಗಾಜಿನ ಗೀರುಗಳನ್ನೂ ರೂಪಿಸಿರುವುದು ಒಂದು ಸಣ್ಣ ಫಿಲಮೆಂಟ್ ನಿಗದಿತ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದ ಮೇಲೆ. ಬೆಳಕಿನ ಮೂಲದ ಆಕಾರವನ್ನೂ ಸ್ಥಾನವನ್ನೂ ಬದಲಿಸಿದರೆ ಬೆಳಕು ರಸ್ತೆಗೆ ಬೀಳುವ ಬದಲು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಅರ್ಥಿಂಗ್ ಸರಿಯಿಲ್ಲದ ಗಾಡಿಗೆ ಎಲ್‌ಇಡಿ ಹಾಕುವುದು ದೋಷವನ್ನು ಮುಚ್ಚಿಡುವ ಕೆಲಸವೂ ಹೌದು. ಅದು ಎಳೆಯುವ ಕರೆಂಟು ಕಡಿಮೆಯಾದ್ದರಿಂದ ಕೆಟ್ಟ ಜೋಡಣೆ ತನ್ನ ಪಾಡಿಗೆ ಕೆಡುತ್ತಲೇ ಹೋಗುತ್ತದೆ.

ರಿಲೇ ಒಳ್ಳೆಯ ಉಪಾಯ, ಆದರೆ ಅಳತೆಗೋಲು ಅವರು ಹೇಳಿದ ಅಳತೆಗಳೆಲ್ಲ ಮುಗಿದ ಮೇಲೆ. ರಿಲೇ ಹಾಕಿದರೆ ಹಳೆಯ ಸ್ವಿಚ್ಚುಗಳ ಮೇಲೆ ಬೀಳುವುದು ರಿಲೇ ಸುರುಳಿಯ ಅಲ್ಪ ಕರೆಂಟು ಮಾತ್ರ. ದೀಪದ ಭಾರವನ್ನು ಬ್ಯಾಟರಿಯಿಂದ ನೇರ ಬರುವ ದಪ್ಪ ತಂತಿ ಹೊರುತ್ತದೆ. ಡಿಪ್‌ಗೆ ಒಂದು, ಹೈ ಬೀಮ್‌ಗೆ ಒಂದು, ಹೀಗೆ ಎರಡು ರಿಲೇ ಬೇಕು. ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಬದಿಯ ಬೋಲ್ಟಿನಿಂದ ಫ್ಯೂಸ್ ಮೂಲಕ ರಿಲೇಯ ಮೇಲೆ 30 ಎಂದು ಗುರುತಿರುವ ಕಾಲಿಗೆ ತಂತಿ ಬರಲಿ, 87ರಿಂದ ದೀಪಗಳಿಗೆ ಹೋಗಲಿ, ಹಳೆಯ ನೀಲಿ-ಕೆಂಪು ಅಥವಾ ನೀಲಿ-ಬಿಳಿ ತಂತಿ 86ಕ್ಕೆ, 85ರಿಂದ ಬಾಡಿಗೆ. ದೀಪದ ಸಾಲಿಗೆ 2 ಚದರ ಮಿಲಿಮೀಟರಿಗಿಂತ ಸಣ್ಣ ತಂತಿ ಬೇಡ. ನಿಮ್ಮ ಗಾಡಿಯಲ್ಲಿ ಮರೆಯಬಾರದ ಸಂಗತಿ, ಸುರುಳಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯನ್ನು ತರಬೇಡಿ. ಅದನ್ನು ಮೇಲಿನಂತೆ ಜೋಡಿಸಿದರೆ ಪ್ಲಸ್ ಬಾಡಿಯ ಗಾಡಿಯಲ್ಲಿ ಡಯೋಡ್ ಉಲ್ಟಾ ಕೂತು ನೇರ ಶಾರ್ಟ್ ಆಗುತ್ತದೆ. ಡಯೋಡ್ ಇಲ್ಲದ ಸಾದಾ ರಿಲೇಗೆ ದಿಕ್ಕಿನ ಗೊಡವೆ ಇಲ್ಲ.

ಫ್ಯೂಸ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಗಾಡಿಯ ಫ್ಯೂಸ್ ಬಾಕ್ಸಿನಲ್ಲಿ ಇರುವುದೇ ಎರಡು ಫ್ಯೂಸ್, ಹೆಡ್‌ಲೈಟ್‌ಗಳು ಅವುಗಳ ರಕ್ಷಣೆಯಲ್ಲಿ ಇಲ್ಲ. ನೀಲಿ ತಂತಿಯ ಮೈ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಕರಗುವುದು ಫ್ಯೂಸ್ ಅಲ್ಲ, ತಂತಿಯೇ. ಆದ್ದರಿಂದ ತಂತಿಗಳು ಲೋಹದ ತೂತುಗಳನ್ನು ದಾಟುವ ಕಡೆ ರಬ್ಬರ್ ಬಳೆಗಳು ಗಟ್ಟಿಯಾಗಿವೆಯೇ ಎಂದು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ. ರಿಲೇ ಹಾಕುವಾಗ ಎಡಕ್ಕೆ ಬಲಕ್ಕೆ ಬೇರೆ ಬೇರೆ ಫ್ಯೂಸ್ ಇಡಿ, ಒಂದು ಹೋದರೂ ರಾತ್ರಿಯ ರಸ್ತೆಯಲ್ಲಿ ಪೂರ್ತಿ ಕತ್ತಲಾಗಬಾರದು. ಹಳೆಯ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಮಿತಿ. ನಿರಂತರವಾಗಿ ಹೊರಬಲ್ಲದ್ದು ಅದರ ಸುಮಾರು ಅರ್ಧ. ಈಗಿನ ಬ್ಲೇಡ್ ಫ್ಯೂಸಿನ ಅಂಕಿಯನ್ನು ಅದಕ್ಕೆ ಸರಿಸಮ ಎಂದುಕೊಂಡು 35ರ ಜಾಗಕ್ಕೆ 35 ಹಾಕಿದವರ ತಂತಿ ಕರಗಿದ್ದನ್ನು ನಾನೇ ಕಂಡಿದ್ದೇನೆ.

ಮೈನರ್65 ಅವರ ಮರುಬರಹ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎರಡು ದಿನ ಗಾಡಿಯ ಬಳಿಯೇ ಕಳೆದೆ, ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಬಲ ಹಿಂದೀಪದ ತಟ್ಟೆಗೆ ತಂತಿ ಮುಟ್ಟಿಸಿದ ಕ್ಷಣ ಬ್ರೇಕ್ ಲೈಟ್ ಝಗ್ಗನೆ ಹೊತ್ತಿಕೊಂಡಿತು. ತೆಗೆದೆ, ಆರಿತು. ಮತ್ತೆ ಮುಟ್ಟಿಸಿದೆ. ಅದನ್ನು ಕಂಡಾಗ ಆದ ಸಂತೋಷವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದೀಪ ಬಿಚ್ಚಿ ನೋಡಿದರೆ ಮೂರು ಸ್ಕ್ರೂಗಳಲ್ಲಿ ಎರಡು, ಬಣ್ಣ ತುಂಬಿಕೊಂಡ ತೂತಿನಲ್ಲಿ ಬಣ್ಣವನ್ನೇ ಕೊರೆದುಕೊಂಡು ಕೂತಿದ್ದವು. ಮೂರನೆಯದರ ಕೆಳಗೆ ಯಾರೋ ಪ್ಲಾಸ್ಟಿಕ್ ವಾಷರ್ ಹಾಕಿದ್ದರು. ಕೆರೆದು, ಹಲ್ಲಿನ ವಾಷರ್ ಹಾಕಿ, ಜೊತೆಗೊಂದು ಕಪ್ಪು ತಂತಿಯನ್ನೂ ಎಳೆದೆ. ಎಡಗಡೆಯ ದೀಪ ಸರಿಯಿದ್ದರೂ ಅದಕ್ಕೂ ಹಾಗೆಯೇ ಮಾಡಿದೆ.

ಎಡ ಹೆಡ್‌ಲೈಟಿನಲ್ಲಿ, ಡಿಪ್ ಉರಿಯುತ್ತಿರುವಾಗ ಕಪ್ಪು ತಂತಿಗೂ ಬ್ಯಾಟರಿಯ ಪ್ಲಸ್‌ಗೂ ನಡುವೆ ಸುಮಾರು 6 ವೋಲ್ಟ್ ಇತ್ತು, ಇರಬೇಕಾದದ್ದು 0.2. ಕಪ್ಪು ತಂತಿ ಬಾಡಿಗೆ ಸೇರುವ ಕಡೆ ಕಣ್ಣಿಗೆ ಎಲ್ಲವೂ ಚೊಕ್ಕಟವಾಗಿತ್ತು. ಸ್ಕ್ರೂ ಬಿಚ್ಚಿದಾಗ ತಂತಿಯ ತುದಿಯ ಉಂಗುರ ಕೈಗೆ ಬಂತು, ತಂತಿ ಅಲ್ಲೇ ಉಳಿಯಿತು. ಒಳಗಿನ ಎಳೆಗಳು ಹಸಿರಾಗಿ ಪುಡಿಯಾಗಿದ್ದವು, ಹೊರಗಿನ ಪ್ಲಾಸ್ಟಿಕ್ ಕವಚವೊಂದೇ ಅದನ್ನು ಹಿಡಿದುಕೊಂಡಿತ್ತು. ಕವಚವನ್ನು ಎರಡು ಅಂಗುಲ ಸುಲಿದ ಮೇಲಷ್ಟೇ ಕೆಂಪು ತಾಮ್ರ ಕಂಡಿತು. ಹೊಸ ಉಂಗುರ ಹಾಕಿದ ಬಳಿಕ ಡಿಪ್‌ನಲ್ಲಿ ಆ ಸೂಚಕ ದೀಪ ಪೂರ್ತಿ ಆರಿದೆ.

ಆಮೇಲೆ ಹೈ ಬೀಮ್ ಹಾಕಿ ಅಳೆದೆ. ಬ್ಯಾಟರಿಯಲ್ಲಿ 12.2, ದೀಪದಲ್ಲಿ 10.4, ನಷ್ಟ 1.8 ವೋಲ್ಟ್. ಅರ್ಥಿಂಗ್ ಬದಿ 0.2. ಬ್ಯಾಟರಿಯಿಂದ ಲೈಟ್ ಸ್ವಿಚ್ಚಿನವರೆಗೆ 0.3, ಸ್ವಿಚ್ಚಿನಲ್ಲಿ 0.4, ಡಿಪ್ಪರಿನಲ್ಲಿ 0.7, ಮುಂದಿನ ಕನೆಕ್ಟರ್‌ಗಳಲ್ಲಿ 0.2. ಅಳತೆಗೋಲು ಅವರ ಲೆಕ್ಕದಂತೆ ನೋಡಿದರೆ ಬ್ಯಾಟರಿಯಲ್ಲಿದ್ದಷ್ಟೇ ವೋಲ್ಟೇಜ್ ದೀಪವನ್ನು ಮುಟ್ಟಿದ್ದರೆ ಸಿಗಬಹುದಾಗಿದ್ದ ಬೆಳಕಿನಲ್ಲಿ ಶೇಕಡಾ 60 ಕೂಡ ಸಿಗುತ್ತಿರಲಿಲ್ಲ. ನನಗೆ ಆಘಾತವಾದದ್ದು ಸ್ವಿಚ್ಚಿನ 0.4, ಏಕೆಂದರೆ ಅದು ನಾನು ಹೊಸದಾಗಿ ಹಾಕಿದ್ದು. ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೆಯ ಸ್ವಿಚ್ಚನ್ನು ತೊಳೆದು ಮತ್ತೆ ಹಾಕಿದೆ, 0.1ಕ್ಕೆ ಇಳಿಯಿತು. ಡಿಪ್ಪರ್ ಸ್ವಿಚ್ಚನ್ನು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಲವತ್ತು ಐವತ್ತು ಸಲ ಒತ್ತಿದ ಮೇಲೆ 0.2. ಕನೆಕ್ಟರ್ ಕೊಳವೆಗಳನ್ನೆಲ್ಲ ಹೊಸದು ಮಾಡಿದೆ, ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ದಾರಿಯ ಬೋಲ್ಟುಗಳನ್ನು ಉಜ್ಜಿ ಬಿಗಿಮಾಡಿದೆ. ಈಗ ದೀಪದಲ್ಲಿ 11.5 ವೋಲ್ಟ್ ಇದೆ. ಬೆಳಕು ಮೊದಲಿಗಿಂತ ಶೇಕಡಾ 40ರಷ್ಟು ಹೆಚ್ಚಿರಬೇಕು, ಗೋಡೆಯ ಮೇಲೆ ಬೀಳುವ ಬೆಳಕಿನ ಬಣ್ಣವೇ ಹಳದಿಯಿಂದ ಬಿಳಿಗೆ ತಿರುಗಿದೆ. ರಿಲೇ ಮುಂದೆ ನೋಡುತ್ತೇನೆ.

ಒಂದೇ ಸಂಶಯ ಉಳಿದಿದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಬೆಳಕು ಈಗಲೂ ತುಸು ಇಳಿಯುತ್ತದೆ, ಕೆಂಪು ಇಗ್ನಿಷನ್ ದೀಪವೂ ಮಿನುಗುತ್ತದೆ. ಇದೂ ದೋಷವೇ?

ತಾಮ್ರತಂತಿ ಅವರ ಉತ್ತರ:

ನಿಮ್ಮ ಅಳತೆಗಳನ್ನು ಓದಿ ಬಹಳ ಸಂತೋಷವಾಯಿತು. ಹಳೆಯ ಸ್ವಿಚ್ಚನ್ನು ಎಸೆಯದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ಉಳಿದಿರುವುದು ದೋಷವಲ್ಲ, ಡೈನಮೊದ ಸ್ವಭಾವ. ಈಗಿನ ಕಾರುಗಳ ಆಲ್ಟರ್ನೇಟರಿನಂತೆ ಅದು ನಿಧಾನ ವೇಗದಲ್ಲಿ ಕರೆಂಟು ಕೊಡಲಾರದು. ವೋಲ್ಟೇಜ್ ಬ್ಯಾಟರಿಯದಕ್ಕಿಂತ ಕೆಳಗಿಳಿದೊಡನೆ ಕಂಟ್ರೋಲ್ ಬಾಕ್ಸಿನ ಕಟ್‌ಔಟ್ ತೆರೆದುಕೊಂಡು ಡೈನಮೊವನ್ನು ಬೇರ್ಪಡಿಸುತ್ತದೆ, ಕೆಂಪು ದೀಪ ಮಿನುಗುತ್ತದೆ, ಆಗ ಹೆಡ್‌ಲೈಟ್ ಬ್ಯಾಟರಿಯೊಂದರ ಮೇಲೆ ಉರಿಯುತ್ತದೆ. ವೇಗ ಏರಿ ವೋಲ್ಟೇಜ್ 12.2ರಿಂದ 13.8ಕ್ಕೆ ಬಂದರೆ, ಮೇಲೆ ಹೇಳಿದ ಅದೇ ಲೆಕ್ಕದಂತೆ ಬೆಳಕು ಸುಮಾರು ಒಂದೂವರೆ ಪಟ್ಟಾಗುತ್ತದೆ. ಆ ಏರಿಳಿತವೇ ನಿಮ್ಮ ಕಣ್ಣಿಗೆ ಕಾಣುತ್ತಿರುವುದು. ನಿಮ್ಮ ಗಾಡಿಯ ಸಿ40 ಮಾದರಿಯ ಡೈನಮೊ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ. ಹೈ ಬೀಮ್ 10, ಸೈಡ್, ಟೈಲ್ ಮತ್ತು ನಂಬರ್ ಪ್ಲೇಟ್ ದೀಪಗಳು ಸುಮಾರು 2, ಮೇಲೆ ಇಗ್ನಿಷನ್, ವೈಪರ್. ಮಳೆಯ ರಾತ್ರಿಯಲ್ಲಿ ಉಳಿತಾಯ ಹೆಚ್ಚೇನೂ ಇರುವುದಿಲ್ಲ. ಹಾಗಾಗಿ 60ಕ್ಕಿಂತ ಹೆಚ್ಚು ವ್ಯಾಟಿನ ದೀಪಗಳ ಆಸೆ ಬೇಡ.

ಫ್ಯಾನ್ ಬೆಲ್ಟಿನ ಬಿಗಿ ಮಾತ್ರ ಒಮ್ಮೆ ನೋಡಿಬಿಡಿ. ಉದ್ದನೆಯ ಹರವಿನ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ಬಾಗಬೇಕು. ಎಂಜಿನ್ ವೇಗ ಏರಿಸಿದಾಗ ಕೆಂಪು ದೀಪ ಪೂರ್ತಿ ಆರುತ್ತದೆಯೇ ಎಂಬುದನ್ನೂ ಗಮನಿಸಿ. ಆರದೆ ಮಿನುಗುತ್ತಲೇ ಇದ್ದರೆ ತಿಳಿಸಿ, ಆಗ ಡೈನಮೊದ ಬ್ರಷ್‌ಗಳನ್ನು ನೋಡೋಣ.

ಮೈನರ್65:

ಬೆಲ್ಟ್ ಮುಕ್ಕಾಲು ಅಂಗುಲಕ್ಕೂ ಹೆಚ್ಚು ಬಾಗುತ್ತಿತ್ತು, ಬಿಗಿ ಮಾಡಿದೆ. ವೇಗ ಏರಿಸಿದರೆ ಕೆಂಪು ದೀಪ ಪೂರ್ತಿ ಆರುತ್ತದೆ.